ಮುತ್ತತ್ತಿ ದಾರಿಯ ಕೋವಿ ಕೇಸು

ಅವರಿಬ್ಬರು ಮೊದಲ ಸಲ ಮಂಡ್ಯದ ನಮ್ಮ ಆಫೀಸಿಗೆ ಬಂದಾಗ ಒಬ್ಬರ ಕೈ ಒಬ್ಬರು ಹಿಡಿದುಕೊಂಡಿದ್ದರು. ವಯಸ್ಸಾದ ಗಂಡ ಹೆಂಡತಿ ಹಾಗೆ ಕೈ ಹಿಡಿದು ಬೀದಿಯಲ್ಲಿ ನಡೆಯುವುದು ನಮ್ಮ ಕಡೆ ಕಾಣಸಿಗುವುದಿಲ್ಲ. ಕಿಟಕಿಯಿಂದ ನೋಡಿ ನನಗೆ ನಗು ಬಂತು. ಮೆಟ್ಟಿಲು ಹತ್ತುವಾಗ ಆಕೆ "ಇಲ್ಲೊಂದು ಮೆಟ್ಲು, ಇಲ್ಲೊಂದು" ಎಂದು ಮೆಲ್ಲಗೆ ಹೇಳುತ್ತಿದ್ದದ್ದು ಕೇಳಿಸಿದ ಮೇಲೆ ನಗು ನಿಂತಿತು. ಆತನಿಗೆ ಕಣ್ಣು ಕಾಣುತ್ತಿರಲಿಲ್ಲ.

ಮಳವಳ್ಳಿಯಿಂದ ಮುತ್ತತ್ತಿಗೆ ಹೋಗುವ ದಾರಿಯಲ್ಲಿ, ಕಾಡಿಗೆ ಅಂಟಿಕೊಂಡಂತೆ ಇರುವ ಒಂದು ಹಳ್ಳಿ ಅವರದು. ರಾಗಿ, ಅವರೆ, ಹುರುಳಿ ಬೆಳೆಯುವ ಹೊಲ. ಹೊಲದ ಆಚೆ ಬದುವಿಗೇ ಕಾಡು ಶುರು. ಗಂಡನ ಹೆಸರಿನಲ್ಲಿ ಒಂದು ಒಂಟಿ ನಳಿಗೆಯ ಕೋವಿ ಇತ್ತು. ಬೆಳೆ ಕಾಯಲೆಂದು ಲೈಸೆನ್ಸ್ ಪಡೆದ ಕೋವಿ. ಕಾಡುಹಂದಿ, ಆನೆ ಬಂದಾಗ ಆತ ಆಕಾಶಕ್ಕೆ ಗುರಿ ಇಟ್ಟು ಒಂದು ಈಡು ಹಾರಿಸುತ್ತಿದ್ದ, ಅವು ಕಾಡಿಗೆ ಮರಳುತ್ತಿದ್ದವು. ಎಪ್ಪತ್ತು ದಾಟಿದ ಮೇಲೆ ಕಣ್ಣಿನ ನರ ಒಣಗಿ ದೃಷ್ಟಿ ಹೋಯಿತು. ಲೈಸೆನ್ಸ್ ನವೀಕರಣ ಆಗಲಿಲ್ಲ, ಕೋವಿ ಪೊಲೀಸ್ ಠಾಣೆ ಸೇರಿತು. ವಯಸ್ಸಾದವರು ತಮ್ಮ ಕೋವಿಯನ್ನು ವಾರಸುದಾರರಿಗೆ ವರ್ಗಾಯಿಸಲು ನಿಯಮದಲ್ಲಿ ಅವಕಾಶವಿದೆ. ಆತ ಹೆಂಡತಿಯ ಹೆಸರು ಬರೆಸಿ ಅರ್ಜಿ ಕೊಟ್ಟ. ಜಿಲ್ಲಾಧಿಕಾರಿ ಕಚೇರಿಯಿಂದ ಉತ್ತರವಾಗಿ ಹಿಂಬರಹ ಬಂತು. ಅರ್ಜಿದಾರರು ಮಹಿಳೆ, ಆಯುಧ ಬಳಕೆಗೆ ಸೂಕ್ತರೆಂದು ಕಂಡುಬರುವುದಿಲ್ಲ, ಕುಟುಂಬದ ಗಂಡಸರು ಯಾರಾದರೂ ಅರ್ಜಿ ಸಲ್ಲಿಸಬಹುದು ಎಂದು ಅದರಲ್ಲಿತ್ತು.

"ಗಂಡಸ್ರ ಎಲ್ಲಿಂದ ತರಾನ ಕಣವ್ವ?" ಎಂದು ಆಕೆ ನನ್ನನ್ನು ಕೇಳಿದಳು. "ಇರೋರು ಇಬ್ರು ಎಣ್ಮಕ್ಳು. ಅಳಿಯಂದ್ರು ಅವ್ರವ್ರ ಊರಲ್ಲವ್ರೆ. ನಮ್ಮೊಲಕ್ಕೆ ಅಂದಿ ಬಂದ್ರೆ ಅವ್ರು ಅಲ್ಲಿಂದ ಓಡ್ಬತ್ತಾರಾ?"

ಗಂಡ ನಗುತ್ತಾ, "ಬಂದ್ರೂ ಅಂದಿ ಜೊತೆ ಅವ್ರೂ ಓಡೋಯ್ತಾರೆ ಬುಡಿ" ಎಂದ.

ನಮ್ಮ ಆಫೀಸು ಎಂದರೆ ನಾನು ಮತ್ತು ನನ್ನ ಹಿರಿಯರು. ವಕೀಲಿ ಶುರು ಮಾಡಿದ ದಿನದಿಂದ ನಾನು ಅವರ ಕೈಕೆಳಗೇ ಇದ್ದವಳು. ಇಡೀ ಜಿಲ್ಲೆಯಲ್ಲಿ ಸಂವಿಧಾನದ ಪ್ರಶ್ನೆ ಇರುವ ಕೇಸು ಎಂದರೆ ಜನ ಅವರ ಹೆಸರು ಹೇಳುತ್ತಿದ್ದ ಕಾಲವಿತ್ತು. ಅವರ ಧ್ವನಿ ದೊಡ್ಡದು. ಬಾಗಿಲಾಚೆ ನಿಂತವರಿಗೂ ವಾದ ಕೇಳಿಸುತ್ತಿತ್ತು. ಗಂಟಲಿನ ಆಪರೇಷನ್ ಆದ ಮೇಲೆ ಆ ಧ್ವನಿ ಪಿಸುಮಾತಿಗೆ ಇಳಿದುಬಿಟ್ಟಿತು. ಆಮೇಲೆ ಅವರು ಕೋರ್ಟಿನಲ್ಲಿ ವಾದಿಸಲಿಲ್ಲ. ಅರ್ಜಿ ಬರೆಯುವುದು ಅವರು, ಎದ್ದು ನಿಲ್ಲುವುದು ನಾನು, ಹೀಗೆ ನಡೆದಿತ್ತು.

ಹಿಂಬರಹ ಓದಿದಾಗ ಅವರ ಮುಖ ಬೆಳಗಿದ್ದು ಈಗಲೂ ನನ್ನ ಕಣ್ಣಿಗೆ ಕಟ್ಟಿದಂತಿದೆ. ಆಯುಧ ಕಾನೂನಿನ ಬಗ್ಗೆ ಅವರ ಮನಸ್ಸಿನಲ್ಲಿ ಬಹಳ ವರ್ಷಗಳಿಂದ ಒಂದು ಪ್ರಶ್ನೆ ಇತ್ತು. ಲೈಸೆನ್ಸ್ ಕೊಡುವ ಅಧಿಕಾರಿಗೆ ಕಾನೂನು ಬಿಟ್ಟುಕೊಟ್ಟಿರುವ ಅಧಿಕಾರಕ್ಕೆ ಸರಿಯಾದ ಅಂಕೆಯಿಲ್ಲ, ಯಾರಿಗೆ ಯಾಕೆ ಕೊಟ್ಟ, ಯಾರಿಗೆ ಯಾಕೆ ಇಲ್ಲ ಎಂದ ಎಂಬುದಕ್ಕೆ ಅಳತೆಗೋಲಿಲ್ಲ, ಆದ್ದರಿಂದ ಆ ಕಲಮೇ ಸಮಾನತೆಯ ಹಕ್ಕಿಗೆ ವಿರುದ್ಧ ಎಂಬುದು ಅವರ ವಾದ. ಜೀವದ ಹಕ್ಕು ಎಂದರೆ ಜೀವವನ್ನೂ ಅನ್ನವನ್ನೂ ಕಾಯ್ದುಕೊಳ್ಳುವ ಹಕ್ಕೂ ಹೌದು ಎಂದೂ ಅವರು ಹೇಳುತ್ತಿದ್ದರು. ಆ ಪ್ರಶ್ನೆಗೆ ತಕ್ಕ ಕಕ್ಷಿದಾರರೇ ಅವರಿಗೆ ಸಿಕ್ಕಿರಲಿಲ್ಲ. ಅಲ್ಲಿಯವರೆಗೆ ಬಂದವರೆಲ್ಲ ಸೊಂಟಕ್ಕೆ ಪಿಸ್ತೂಲು ಸಿಕ್ಕಿಸಿಕೊಂಡು ಮದುವೆ ಮನೆಗೆ ಹೋಗಬೇಕೆಂಬ ಆಸೆಯವರು.

"ಹೈಕೋರ್ಟಿಗೆ ಹೋಗೋಣ ಕಣಮ್ಮ. ಹಿಂಬರಹ ಒಂದನ್ನೇ ಅಲ್ಲ, ಕಾನೂನನ್ನೇ ಪ್ರಶ್ನೆ ಮಾಡೋಣ" ಎಂದರು.

ನಾನು ನೇರವಾಗಿಯೇ ಹೇಳಿದೆ. "ಸರ್, ಆ ಕಲಂ ಬಿದ್ದುಹೋದರೆ ಆ ಮದುವೆ ಮನೆಯವರಿಗೂ ದಾರಿ ಸಲೀಸು. ನನಗೆ ಅದು ಬೇಡ ಅನ್ನಿಸುತ್ತೆ."

"ನಾನು ಎಲ್ಲರಿಗೂ ಕೋವಿ ಕೊಡಿ ಅಂತಿಲ್ಲ. ಇಲ್ಲ ಅನ್ನೋದಕ್ಕೆ ಕಾರಣ ಕೊಡಿ ಅಂತಿದೀನಿ."

ಆ ವಿಷಯದಲ್ಲಿ ನಾವಿಬ್ಬರೂ ಹಲವು ಸಂಜೆ ಜಗಳವಾಡಿದೆವು. ಅವರದು ಪಿಸುಮಾತಿನ ಜಗಳವಾದ್ದರಿಂದ ನಾನೂ ದನಿ ತಗ್ಗಿಸಿಯೇ ಆಡಬೇಕಾಗುತ್ತಿತ್ತು. ಕೊನೆಗೆ ಎರಡು ಕೋರಿಕೆಗಳನ್ನೂ ಸೇರಿಸಿ ರಿಟ್ ಅರ್ಜಿ ಬರೆದೆವು. ಕಾನೂನಿನ ಸಿಂಧುತ್ವದ ಪ್ರಶ್ನೆ ಮೊದಲು, ಹಿಂಬರಹ ರದ್ದು ಮಾಡಬೇಕೆಂಬುದು ಎರಡನೆಯದು.

ನನ್ನ ಹಿಂಜರಿಕೆಗೆ ಬೇರೆ ಕಾರಣವೂ ಇತ್ತು. ಆಗ ಮದ್ದೂರಿನ ಮನೆಯಲ್ಲಿ ಅಮ್ಮ ಮತ್ತು ನಾನು ಇದ್ದೆವು. ನಾನು ದಿನಾ ಮಂಡ್ಯಕ್ಕೆ ಓಡಾಡುತ್ತಿದ್ದೆ. ಅಮ್ಮನ ತವರು ಕೊತ್ತತ್ತಿ. ಅವಳ ಬೆನ್ನಿಗೆ ಹುಟ್ಟಿದ ತಮ್ಮ ಹುಡುಗಾಟದ ವಯಸ್ಸಿನಲ್ಲಿ ಗೆಳೆಯರ ಜೊತೆ ಕಬ್ಬಿನ ಗದ್ದೆಗೆ ಬಂದ ಹಂದಿ ಹೊಡೆಯಲು ಹೋಗಿದ್ದನಂತೆ. ನಾಲೆಯ ಏರಿ ಇಳಿಯುವಾಗ ಹಿಂದಿದ್ದವನ ಕೈಯಲ್ಲಿದ್ದ ನಾಡಕೋವಿ ತಾನಾಗಿ ಸಿಡಿಯಿತು. ಅಮ್ಮ ಆಗ ತಾನೇ ಮದುವೆಯಾಗಿ ಮದ್ದೂರಿನ ಹತ್ತಿರದ ಕೊಪ್ಪಕ್ಕೆ ಬಂದವಳು. ಅವಳು ತಲುಪುವ ಹೊತ್ತಿಗೆ ಮುಖ ನೋಡಲೂ ಸಿಗಲಿಲ್ಲ. ನಮ್ಮ ಮನೆಯಲ್ಲಿ ದೀಪಾವಳಿಗೆ ಮಕ್ಕಳಾಟದ ಪಿಸ್ತೂಲನ್ನೂ ತರುತ್ತಿರಲಿಲ್ಲ. ಯಾಕೆಂದು ಕೇಳಿದರೆ ಅಮ್ಮ ಎದ್ದು ಒಳಗೆ ಹೋಗುತ್ತಿದ್ದಳು.

ಕೇಸಿನ ವಿಷಯ ನಾನೇ ಅವಳಿಗೆ ಹೇಳಿದೆ. "ಬೇರೆ ಕೇಸೇ ಸಿಗಲಿಲ್ವೇನೆ ನಿಂಗೆ?" ಎಂದಷ್ಟೇ ಹೇಳಿ ಊಟಕ್ಕೆ ಬಡಿಸಿದಳು.

ಅರ್ಜಿಗೆ ಬೇಕಾದ ಪಹಣಿ ಮತ್ತು ಗಂಡನ ಕಣ್ಣಿನ ಸರ್ಟಿಫಿಕೇಟು ಕೊಡಲು ಆಕೆ ಒಂದು ಭಾನುವಾರ ಮದ್ದೂರಿಗೇ ಬಂದಳು. ಅವರೆಕಾಯಿಯ ಕಾಲ. ಬರಿಗೈಯಲ್ಲಿ ಬರಬಾರದೆಂದು ಒಂದು ಚೀಲ ಸೊಗಡಿನ ಕಾಯಿ ಹೊತ್ತು ತಂದಿದ್ದಳು. ಅಮ್ಮ ಬಾಗಿಲಲ್ಲೇ ಕಾಗದ ಇಸಿದುಕೊಂಡು ಕಳಿಸಿಬಿಡುತ್ತಾಳೆ ಎಂದುಕೊಂಡಿದ್ದೆ. ಆದರೆ ಆ ಚೀಲ ನೋಡಿ, "ಇಷ್ಟು ದೂರ ಹೊತ್ಕೊಂಡು ಬಂದಿದೀರ, ಕೂತ್ಕೊಳಿ" ಎಂದಳು. ಇಬ್ಬರೂ ಮೊರ ಮುಂದಿಟ್ಟುಕೊಂಡು ಹಜಾರದಲ್ಲಿ ಕಾಯಿ ಬಿಡಿಸಲು ಕುಳಿತರು. ನಾನು ಪಕ್ಕದಲ್ಲಿ ಕಾಗದ ಜೋಡಿಸುತ್ತಿದ್ದೆ.

ಸ್ವಲ್ಪ ಹೊತ್ತಾದ ಮೇಲೆ ಅಮ್ಮ ತಲೆ ಎತ್ತದೆ, "ನನ್ನ ತಮ್ಮ ಕೋವಿಯಿಂದಲೇ ಹೋದ" ಎಂದಳು.

ಆಕೆಯ ಕೈ ನಿಂತಿತು. "ಏಟೊರ್ಸದೋನವ್ವ?"

"ಆಗ ತಾನೇ ಮೀಸೆ ಮೂಡ್ತಿತ್ತು."

ಆಕೆ ಸಮಾಧಾನದ ಮಾತು ಹೇಳಲಿಲ್ಲ, ತನ್ನ ಕೇಸಿನ ನ್ಯಾಯವನ್ನೂ ಹೇಳಲಿಲ್ಲ. ಮತ್ತೆ ಕಾಯಿ ಸುಲಿಯತೊಡಗಿದಳು. ಆಮೇಲೆ, "ನಂಗೂ ಅದ್ನ ಕಂಡ್ರೆ ಭಯವೇ ಕಣವ್ವ" ಎಂದಳು. "ಮದ್ವೆಯಾಗಿ ಬಂದಾಗ ಅದ ತೂಗಾಕಿದ್ದ ಗ್ವಾಡೆ ಕಡಿಕೆ ತಲೆ ಮಡಗಿ ಮನಿಕ್ಕೊತ್ತಿರ್ನಿಲ್ಲ ನಾನು."

"ಮತ್ತೆ ಈಗ ಯಾಕೆ ಬೇಕು ನಿಮಗೆ?"

"ಅವ್ರು ಒಲ ಕಾಯಾಕೋದಾಗ ನಾನು ಮನೇಲಿ ಎದ್ದೇ ಇರ್ತಿದ್ದೆ. ಢಂ ಅಂತ ಒಂದು ಸದ್ದು ಬಂದ್ರೆ, ಸದ್ಯ, ಅವ್ರು ಉಸಾರಾಗವ್ರೆ, ಆನೆ ಅತ್ತಗೋಯ್ತು ಅಂತ ನಿದ್ದೆ ಬರೋದು. ಈಗ ಒಲದಲ್ಲಿ ನಾನು, ಮನೇಲಿ ಅವ್ರು. ನಾನು ತಗಡು ಬಡೀತೀನಿ, ಪಟಾಕಿ ಸಿಡಿಸ್ತೀನಿ. ಅದು ಅವ್ರ ಕಿವಿಗಂಟ ಬರಾಕಿಲ್ಲ. ಬೆಳಗಾಗಾಗಂಟ ಬಾಗ್ಲಲ್ಲೇ ಕುಂತಿರ್ತಾರೆ. ಕಣ್ಣಿಲ್ದೋರು, ಎದ್ದು ಬಂದು ನೋಡಾನ ಅಂದ್ರೂ ಆಯ್ತದಾ?"

"ಫೋನು?"

"ಕಾಡಂಚಲ್ಲಿ ಅದೆಲ್ಲಿ ಸಿಗ್ತದೆ ಬುಡವ್ವ."

ಅಮ್ಮ ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಅವರೆಕಾಳು ಹಾಕಿ ಸಾರು ಮಾಡಿ, ಆಕೆಗೆ ಮುದ್ದೆ ಬಡಿಸಿ, ಬಸ್ ಸ್ಟ್ಯಾಂಡಿನವರೆಗೂ ತಾನೇ ಹೋಗಿ ಬಿಟ್ಟು ಬಂದಳು. ವಾಪಸ್ಸು ಬಂದು ಚಪ್ಪಲಿ ಬಿಡುತ್ತಾ ನನಗೆ ಹೇಳಿದಳು, "ಅದೊಂದು ಗೆಲ್ಲು. ಇನ್ನೊಂದು ಕೋವಿ ಕೇಸು ಮಾತ್ರ ಹಿಡೀಬೇಡ."

ಹೈಕೋರ್ಟಿನಲ್ಲಿ ನಮ್ಮ ಸರದಿ ಬಂದ ದಿನ ಹಿರಿಯರೂ ನನ್ನ ಜೊತೆ ಬೆಂಗಳೂರಿಗೆ ಬಂದರು. ಬೇಡವೆಂದರೂ ಕೇಳಲಿಲ್ಲ. ಹಳೆಯ ಗೌನು ತೊಟ್ಟು, ಕುತ್ತಿಗೆಯ ಗಾಯದ ಗುರುತಿನ ಮೇಲೆ ವಕೀಲರ ಬಿಳಿ ಬ್ಯಾಂಡನ್ನು ಎರಡು ಸಲ ಸರಿಮಾಡಿಕೊಂಡು ನನ್ನ ಹಿಂದಿನ ಕುರ್ಚಿಯಲ್ಲಿ ಕುಳಿತರು. ಗಂಡನನ್ನು ಮಗಳ ಮನೆಯಲ್ಲಿ ಬಿಟ್ಟು ಆಕೆಯೂ ಬಂದಿದ್ದಳು. ಗೋಡೆಗೆ ಒರಗಿ ಕೊನೆಯ ಸಾಲಿನಲ್ಲಿ ಕುಳಿತಿದ್ದಳು.

ಸರ್ಕಾರಿ ವಕೀಲರು ಎದ್ದು, ಕೋವಿ ಇಟ್ಟುಕೊಳ್ಳುವುದು ಮೂಲಭೂತ ಹಕ್ಕಲ್ಲ, ಸರ್ಕಾರ ಕೊಡುವ ಅನುಮತಿ ಮಾತ್ರ, ಆದ್ದರಿಂದ ಈ ಅರ್ಜಿ ನಿಲ್ಲುವುದಿಲ್ಲ ಎಂದರು. ನ್ಯಾಯಮೂರ್ತಿಗಳು ನನ್ನ ಕಡೆ ನೋಡಿದರು.

"ಅನುಮತಿ ಎಂದೇ ಇಟ್ಟುಕೊಳ್ಳೋಣ. ಆ ಅನುಮತಿ ಕೊಡುವಾಗ ಗಂಡಸಿಗೆ ಹೌದು, ಹೆಂಗಸಿಗೆ ಇಲ್ಲ ಎನ್ನುವ ಅಧಿಕಾರವನ್ನು ಸಂವಿಧಾನ ಯಾರಿಗೂ ಕೊಟ್ಟಿಲ್ಲ" ಎಂದು ಶುರು ಮಾಡಿದೆ. ಇಂಗ್ಲಿಷಿನಲ್ಲಿ ಆಡುತ್ತಿದ್ದೆ, ಮನಸ್ಸಿನಲ್ಲಿ ಮಾತ್ರ ಆ ಮೊರ, ಆ ಅವರೆಕಾಯಿ. ಪಟಾಕಿಯಲ್ಲೇ ಓಡಿಸಬಹುದಲ್ಲ ಎಂದು ನ್ಯಾಯಮೂರ್ತಿಗಳು ಕೇಳಿದರು. ಆನೆಗಳು ಪಟಾಕಿಗೆ ಒಗ್ಗಿಹೋಗಿವೆ ಎಂದೆ. ಮನೆಯ ಬಾಗಿಲಲ್ಲಿ ಕಿವಿಗೊಟ್ಟು ಕುಳಿತಿರುವ ಗಂಡನ ವಿಷಯವನ್ನೂ ಹೇಳಿದೆ. ಅದು ಕಾನೂನಿನ ವಾದವಲ್ಲ ಎಂದು ನನಗೆ ಗೊತ್ತಿತ್ತು. ನ್ಯಾಯಮೂರ್ತಿಗಳು ತಡೆಯಲಿಲ್ಲ.

ಆಮೇಲೆ ಅವರು ಅರ್ಜಿಯ ಮೊದಲ ಪುಟಕ್ಕೆ ಬಂದರು. "ಕಾನೂನಿನ ಸಿಂಧುತ್ವವನ್ನು ನೀವು ಒತ್ತಾಯಿಸುವಿರಾದರೆ ಕೇಂದ್ರ ಸರ್ಕಾರಕ್ಕೆ ನೋಟಿಸು ಹೋಗಬೇಕು, ವಿವರವಾಗಿ ಕೇಳಬೇಕು, ಎಷ್ಟು ಕಾಲ ಹಿಡಿಯುತ್ತದೋ ಹೇಳಲಾರೆ. ಅದನ್ನು ಬಿಡುವಿರಾದರೆ ಹಿಂಬರಹದ ವಿಷಯ ಈಗಲೇ ನೋಡಬಲ್ಲೆ. ಏನು ಮಾಡುತ್ತೀರಿ?"

ಆ ಮೊದಲ ಕೋರಿಕೆ ನನ್ನದಾಗಿರಲಿಲ್ಲ. ಒಬ್ಬ ಮನುಷ್ಯ ಧ್ವನಿ ಇದ್ದಾಗಿನಿಂದ ಕಾಯ್ದಿಟ್ಟುಕೊಂಡಿದ್ದ ಮಾತು ಅದು. ನಾನು ಹಿಂದೆ ತಿರುಗಿದೆ. ಹಿರಿಯರು ನನ್ನನ್ನು ನೋಡುತ್ತಿರಲಿಲ್ಲ. ಕೊನೆಯ ಸಾಲಿನಲ್ಲಿದ್ದ ಆಕೆಯನ್ನು ನೋಡುತ್ತಿದ್ದರು. ಆಕೆಗೆ ಇಲ್ಲಿ ನಡೆಯುವುದು ಒಂದೂ ತಿಳಿಯುತ್ತಿರಲಿಲ್ಲ, ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಬಿಚ್ಚುತ್ತಿದ್ದಳು. ಹಿರಿಯರು ನನ್ನ ಕಡೆ ತಿರುಗಿ, ಬಾಗಿ, ಕಿವಿಯ ಹತ್ತಿರ ಹೇಳಿದರು, "ಬಿಟ್ಟುಬಿಡಮ್ಮ. ಅವರು ಮನೆಗೆ ಹೋಗಲಿ."

ನಾನು ಬಿಟ್ಟೆ. ಸಿಂಧುತ್ವದ ಪ್ರಶ್ನೆಯನ್ನು ಮುಕ್ತವಾಗಿ ಉಳಿಸಲಾಗಿದೆ ಎಂದು ನ್ಯಾಯಮೂರ್ತಿಗಳು ಬರೆಸಿದರು. ಹೆಂಗಸು ಎಂಬ ಕಾರಣಕ್ಕೆ ಲೈಸೆನ್ಸ್ ನಿರಾಕರಿಸುವುದು ಸಮಾನತೆಗೆ ವಿರುದ್ಧ, ಹಿಂಬರಹ ರದ್ದು, ಅರ್ಜಿಯನ್ನು ಹೊಸದಾಗಿ ನೋಡಿ ಬೇಗ ತೀರ್ಮಾನಿಸಿ ಎಂದು ಆದೇಶವಾಯಿತು.

ಹೊರಗಿನ ಮೊಗಸಾಲೆಯಲ್ಲಿ ಆಕೆ ನನ್ನ ತೋಳು ಹಿಡಿದು, "ಏನಾಯ್ತವ್ವ? ಬೈದ್ರಾ ಅವ್ರು?" ಎಂದಳು.

"ಇಲ್ಲ ದೊಡ್ಡಮ್ಮ. ಗೆದ್ವಿ."

ಆಕೆ ನನಗೆ ಕೈ ಮುಗಿಯಲಿಲ್ಲ. ಹಿರಿಯರ ಹತ್ತಿರ ಹೋಗಿ, "ನೀವು ಬೆಳಗ್ಗಿಂದ ಏನೂ ತಿಂದಿಲ್ಲ ಸಾಮಿ" ಎಂದು ಸೀರೆಯ ಗಂಟಿನಿಂದ ಎರಡು ಬಾಳೆಹಣ್ಣು ತೆಗೆದು ಕೊಟ್ಟಳು. ಅವರು ಅಲ್ಲೇ ಗೌನಿನಲ್ಲಿ ನಿಂತು ತಿಂದರು.

ವಾಪಸ್ಸು ಬರುವಾಗ ರೈಲಿನಲ್ಲಿ ನಾನು, "ಸರ್, ಬೇಜಾರಾಯ್ತಾ?" ಎಂದು ಕೇಳಿದೆ. ಅವರು ಕಿಟಕಿಯಾಚೆ ನೋಡುತ್ತಾ ಇದ್ದರು. "ಆಗದೇ ಇರುತ್ತಾ?" ಎಂದರು. ಸ್ವಲ್ಪ ಹೊತ್ತಿನ ಮೇಲೆ, "ನೀನು ಚೆನ್ನಾಗಿ ಮಾತಾಡಿದೆ" ಎಂದರು. ಅಷ್ಟು ವರ್ಷದಲ್ಲಿ ಅವರು ನನಗೆ ಹಾಗೆ ಹೇಳಿದ್ದು ಅದೇ ಮೊದಲು.

ಆದೇಶದ ಪ್ರತಿ ಕೈಗೆ ಬಂದ ಮೇಲೆ ಗಂಡ ಹೆಂಡತಿ ಮತ್ತೆ ಆಫೀಸಿಗೆ ಬಂದರು. ಅದರಲ್ಲಿ ಏನಿದೆಯೋ ತಾನು ಪೂರ್ತಿ ಕೇಳಬೇಕೆಂದು ಗಂಡ ಹಟ ಹಿಡಿದ. ಓದಿ ಹೇಳಲು ನಾನು ಕೈಗೆತ್ತಿಕೊಂಡೆ. ಹಿರಿಯರು ಇಸಿದುಕೊಂಡರು. ಒಂದೊಂದೇ ಸಾಲನ್ನು ಕನ್ನಡ ಮಾಡಿ ತಮ್ಮ ಪಿಸುದನಿಯಲ್ಲಿ ಹೇಳತೊಡಗಿದರು. ಫ್ಯಾನಿನ ಸದ್ದಿನಲ್ಲಿ ನನಗೇ ಅರ್ಧ ಕೇಳಿಸುತ್ತಿರಲಿಲ್ಲ. ಫ್ಯಾನು ಆರಿಸಲು ಎದ್ದೆ.

"ಇರ್ಲಿ ಬುಡವ್ವ, ಸೆಕೆ ಅದೆ" ಎಂದ ಗಂಡ. "ನಂಗೆ ಚೆಂದಾಗಿ ಕೇಳ್ತದೆ. ಸಾಮಿ, ಆ ಕೊನೇದಿನ್ನೊಂದ್ಸಲ ಯೋಳಿ. ಎಂಗ್ಸು ಅಂತ ಇಲ್ಲ ಅನ್ನಂಗಿಲ್ಲ ಅಂದ್ರಲ್ಲ, ಅದು."

ಹಿರಿಯರು ಇನ್ನೊಂದು ಸಲ ಹೇಳಿದರು. ತಮ್ಮ ಮಾತನ್ನು ಯಾರಾದರೂ "ಆಂ? ಏನಂದ್ರಿ?" ಎನ್ನದೆ ಕೇಳಿ ಬಹಳ ದಿನವಾಗಿತ್ತು ಅವರಿಗೆ. ಅರ್ಧ ಪುಟದ ಆದೇಶಕ್ಕೆ ಅವರು ಹಳೆಯ ಕೇಸುಗಳ ಕಥೆ ಸೇರಿಸಿ ಸಂಜೆಯವರೆಗೂ ಎಳೆದರು. ಕೊನೆಯ ಬಸ್ಸು ತಪ್ಪುತ್ತದೆಂದು ಆಕೆ ಎರಡು ಸಲ ಎದ್ದು ಕುಳಿತಳು.

ಲೈಸೆನ್ಸ್ ಬರುವ ಮೊದಲು ಕೋವಿ ಬಳಸುವ ತರಬೇತಿ ಆಗಬೇಕಿತ್ತು. ಮಂಡ್ಯದ ಆಚೆ ಒಂದು ಬಯಲಿನಲ್ಲಿ ಶಿಬಿರ. ಗಂಡಸರ ಸಾಲಿನ ನಡುವೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಆಕೆ ಒಬ್ಬಳು. ಅಮ್ಮ ತಾನೂ ಬರುತ್ತೇನೆಂದಾಗ ನನಗೆ ಆಶ್ಚರ್ಯವಾಯಿತು. ಮೊದಲ ಸದ್ದಿಗೆ ಅಮ್ಮ ಎರಡೂ ಕಿವಿ ಮುಚ್ಚಿಕೊಂಡು ಕಣ್ಣೂ ಮುಚ್ಚಿಕೊಂಡಳು. ಮನೆಗೆ ಹೋಗೋಣ ಎಂದೆ. ಬೇಡವೆಂದು ತಲೆಯಾಡಿಸಿದಳು. ಪಕ್ಕದಲ್ಲಿ ಬೇವಿನ ಮರದ ಕೆಳಗೆ ಕುಳಿತಿದ್ದ ಗಂಡ ಅದನ್ನು ಹೇಗೆ ಅರಿತನೋ, "ಭಯ ಬೀಳ್ಬೇಡಿ ಕಣಕ್ಕ, ಅದು ಮ್ಯಾಕೋಯ್ತದೆ, ಇತ್ತಗೆ ಬರಾಕಿಲ್ಲ" ಎಂದ. ಆಮೇಲೆ ತನ್ನ ಹೆಂಡತಿಯ ಸರದಿ ಬಂದಾಗ, "ಲೇ ಅಮ್ಮಿ, ಬುಜಕ್ಕೆ ಒತ್ತಿಡ್ಕ, ಇಲ್ದಿದ್ರೆ ಒದೀತದೆ!" ಎಂದು ಕೂಗಿದ. ಆಕೆ ಅಲ್ಲಿಂದಲೇ, "ನೀವು ಸುಮ್ಕಿರಿ!" ಎಂದಳು. ಸಾಲಿನಲ್ಲಿದ್ದ ಗಂಡಸರೆಲ್ಲ ನಕ್ಕರು. ಅಮ್ಮನ ಮುಖದಲ್ಲೂ ನಗು ಸುಳಿದು ಹೋಯಿತು.

ಆಮೇಲೆ ಲೈಸೆನ್ಸ್ ಬಂತು, ಕೋವಿ ಠಾಣೆಯಿಂದ ಮನೆಗೆ ಮರಳಿತು. ಅಮ್ಮನಿಗೆ ಕೋವಿಯ ಭಯ ಹೋಗಲಿಲ್ಲ, ಹೋಗಬೇಕೆಂದು ನಾನೂ ಬಯಸಲಿಲ್ಲ. ಇನ್ನೊಂದು ಕೋವಿ ಕೇಸನ್ನು ನಾನು ಇದುವರೆಗೆ ಹಿಡಿದಿಲ್ಲ. ಮಳವಳ್ಳಿಯ ಒಬ್ಬ ಹೊಸ ವಕೀಲ ಅದೇ ಕಲಮನ್ನು ಪ್ರಶ್ನಿಸುವ ತಯಾರಿಯಲ್ಲಿದ್ದಾನೆ. ನಾವು ಕೈಬಿಟ್ಟ ವಾದದ ಪ್ರತಿ ಬೇಕೆಂದು ಬಂದಿದ್ದ. ಹಿರಿಯರು ಪ್ರತಿ ಕೊಟ್ಟರು, ಹಾಗೆಯೇ ಅವನ ಅರ್ಜಿಯನ್ನೂ ತಿದ್ದಿಕೊಡುತ್ತಿದ್ದಾರೆ. ಅವನಿಗೂ ನನಗೂ ಆ ವಿಷಯದಲ್ಲಿ ಒಮ್ಮತವಿಲ್ಲ. ಆದರೆ ಅವನು ಬಂದ ದಿನ ಹಿರಿಯರು ಎರಡು ತುತ್ತು ಹೆಚ್ಚು ಉಣ್ಣುತ್ತಾರೆ ಎಂದು ಅವರ ಮನೆಯವರು ಹೇಳುತ್ತಾರೆ.

ಹೋದ ಶ್ರಾವಣದಲ್ಲಿ ನಾವೆಲ್ಲ ಮುತ್ತತ್ತಿಗೆ ಹೋಗಿದ್ದೆವು. ಆಂಜನೇಯನಿಗೆ ಹಣ್ಣುಕಾಯಿ ಮಾಡಿಸಿ, ಹೊಳೆಯ ದಂಡೆಯಲ್ಲಿ ಬುತ್ತಿ ಬಿಚ್ಚಿದೆವು. ಅಮ್ಮ ಮಾಡಿದ ಹುಳಿಯನ್ನ, ಆಕೆ ತಂದ ನುಚ್ಚಿನ ಉಂಡೆ. ಹಿರಿಯರು ಕಲ್ಲಿನ ಮೇಲೆ ಕುಳಿತು ಗಂಡನಿಗೆ ಯಾವುದೋ ತೀರ್ಪಿನ ಕಥೆ ಹೇಳುತ್ತಿದ್ದರು. ಹೊಳೆಯ ಮೊರೆತದಲ್ಲಿ ನಮಗ್ಯಾರಿಗೂ ಒಂದಕ್ಷರ ಕೇಳಿಸಲಿಲ್ಲ. ಅಷ್ಟರಲ್ಲಿ ಮರದಿಂದ ಒಂದು ಕೋತಿ ಇಳಿದು ಹಿರಿಯರ ಎಲೆಯನ್ನೇ ಎಳೆದುಕೊಂಡು ಓಡಿತು. ಅವರು ಬೈದದ್ದು ಕೋತಿಗೂ ಕೇಳಿಸಲಿಲ್ಲ. ಆಕೆ ಅಟ್ಟಿಸಿಕೊಂಡು ಹೋದಳು, ಅಮ್ಮ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದಳು. "ಏನಾಯ್ತು? ಏನಾಯ್ತು ಯೋಳ್ರೋ!" ಎಂದು ಗಂಡ ಎಲ್ಲರನ್ನೂ ಕೇಳುತ್ತಿದ್ದ. ಹಿರಿಯರು ಅವನ ಕಿವಿಯ ಹತ್ತಿರ ಬಾಗಿ ಮೊದಲಿನಿಂದ ಹೇಳಲು ಶುರು ಮಾಡಿದರು.